ನಕ್ಕೋ ಸಾಬ್, ಸೆಟಿಂಗ್ ಮುಟ್ಟಬೇಡಿ!

ಹೋದ ತಿಂಗಳು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಅಬಿಡ್ಸ್ ಜಿಪಿಓ ಹತ್ತಿರ ತರಕಾರಿ ಚೀಲ ಹಿಡ್ಕೊಂಡು ಬರ್ತಾ ಇದ್ದೆ. ಪಕ್ಕದಲ್ಲೇ ನಿಂತ ಆಟೋದಿಂದ ಯಾರೋ ಕಷ್ಟಪಟ್ಟು ಇಳೀತಾ ಇದ್ರು. ನೋಡಿದ್ರೆ ನಮ್ಮ ಕಾಚಿಗೂಡದ ಕಾಕಾ! ಸೇಡಂ ಕಡೆಯವರು, ಮೂವತ್ತೈದು ವರ್ಷ ಗಣಿತದ ಮಾಸ್ತರಾಗಿದ್ದು ರಿಟೈರ್ ಆದವರು. ಎರಡೂ ಕೈಯಲ್ಲಿ ಕೂಸು ಎತ್ತಿಕೊಂಡ ಹಾಗೆ ಕಂಪ್ಯೂಟರಿನ ಸಿಪಿಯು ಡಬ್ಬ. ಧೂಳು ಬೀಳಬಾರದು ಅಂತ ಅದರ ಮೇಲೊಂದು ಟವೆಲ್ಲು ಬೇರೆ.

"ಎಲ್ಲಿಗ್ರೀ ಕಾಕಾ ಸವಾರಿ?" ಅಂದೆ.

"ಎಲ್ಲಿಗೇನ್ ತಮ್ಮಾ, ಇದನ್ನ ದವಾಖಾನಿಗೆ ತಂದೀನಿ. ನೆಟ್ ಬರವಲ್ದು, ಹದಿನೈದು ದಿನ ಆತು. ಪೇಪರ್ ಓದಿಲ್ಲ, ಮಗನ ಮಾರಿ ನೋಡಿಲ್ಲ" ಅಂದ್ರು.

ಕಾಕಾನ ಮಗ ಅಮೆರಿಕದಲ್ಲಿದ್ದಾನೆ. ಕಣ್ಣು ಸರಿ ಇಲ್ಲ, ಮೊಬೈಲಿನ ಸಣ್ಣ ಅಕ್ಷರ ಕಾಣಲ್ಲ. ಡೆಸ್ಕ್‌ಟಾಪಿನ ದೊಡ್ಡ ಪರದೆ ಮೇಲೆ ಕನ್ನಡ ಪೇಪರು ಓದೋದು, ಭಾನುವಾರ ಮೊಮ್ಮಗಳ ಮುಖ ನೋಡೋದು, ತಿಂಗಳಿಗೊಮ್ಮೆ ಪೆನ್ಷನ್ ಬಂತಾ ಅಂತ ನೆಟ್ ಬ್ಯಾಂಕಿಂಗಿನಲ್ಲಿ ನೋಡೋದು. ಅವರ ಪಾಲಿಗೆ ಕಂಪ್ಯೂಟರ್ ಅಂದ್ರೆ ಇಷ್ಟೇ. ಮನೆಯಲ್ಲಿ ಮೊಬೈಲಿಗೆ ವೈಫೈ ಬರ್ತಿದೆ, ಡೆಸ್ಕ್‌ಟಾಪಿಗೆ ಮಾತ್ರ ಇಲ್ಲ ಅಂತ ಅವರೇ ಹೇಳಿದ್ರು. ಆ ಮಾತು ಕೇಳಿ ನನಗೆ ಸ್ವಲ್ಪ ಅನುಮಾನ ಬಂತು. ತರಕಾರಿ ಚೀಲದ ಸಮೇತ ಅವರ ಜೊತೆಗೇ ಅಂಗಡಿಗೆ ಹೋದೆ.

ಅಂಗಡಿಯಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗ. ತನ್ನ ಟೇಬಲ್ಲಿನ ಕೇಬಲ್ ಚುಚ್ಚಿದ, ಎರಡು ಸಲ ಕ್ಲಿಕ್ ಮಾಡಿದ, ಮುಖ ಎತ್ತದೇ ತೀರ್ಪು ಕೊಟ್ಟ. "ನೆಟ್‌ವರ್ಕ್ ಕಾರ್ಡ್ ಗಯಾ ಸಾಬ್. ಕಾರ್ಡ್ ಡಾಲ್ನಾ ಪಡ್ತಾ, ಫಾರ್ಮ್ಯಾಟ್ ಬೀ ಮಾರ್ನಾ. ಢಾಯಿ ಹಜಾರ್."

"ಒಂದು ಸಲ ಐಪಿ ಸೆಟಿಂಗ್ ತೆಗೆದು ತೋರಿಸು ಬೇಟಾ" ಅಂತ ನಾನಂದೆ. ಆತ ಮೌಸನ್ನು ನನ್ನ ಕೈಗೆ ಸಿಗದ ಹಾಗೆ ಆಚೆ ಎಳೆದ.

"ನಕ್ಕೋ ಸಾಬ್! ಸೆಟಿಂಗಾಂ ಕೋ ಹಾತ್ ನಕ್ಕೋ ಲಗಾವ್. ಪೂರಾ ಬಿಗಡ್ ಜಾತಾ."

ನಿಜ ಹೇಳ್ತೀನಿ, ನನಗೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಕಾಕಾನ ಮೇಲೆ. ಸಾವಿರಾರು ಮಕ್ಕಳಿಗೆ ಬೀಜಗಣಿತ ಕಲಿಸಿದ ಮನುಷ್ಯ ಆ ಮಾತಿಗೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿದು, "ಬ್ಯಾಡ ಬಿಡು ತಮ್ಮಾ, ಅವರಿಗೆ ಗೊತ್ತಿರ್ತದ" ಅಂದುಬಿಟ್ರು.

ಗೊತ್ತಿರ್ತದ! ನಮ್ಮ ಜನ ಹಾಳಾಗಿರೋದೇ ಈ ಒಂದು ಮಾತಿನಿಂದ ಸ್ವಾಮಿ. ನನ್ನ ಜಗಳ ಇರೋದು ಇದರ ಜೊತೆಗೇ.

ಇರಲಿ, ಮೊದಲು ಕಥೆ ಮುಗಿಸ್ತೀನಿ. ಕಾಕಾನನ್ನ ಹೇಗೋ ಒಪ್ಪಿಸಿ ಡಬ್ಬವನ್ನ ಮತ್ತೆ ಆಟೋಕ್ಕೆ ಹಾಕಿಸಿ ಕಾಚಿಗೂಡಕ್ಕೆ ಕರ್ಕೊಂಡು ಹೋದೆ. ಕೇಬಲ್ ಚುಚ್ಚಿ ಆನ್ ಮಾಡಿದೆ. ಡಬ್ಬದ ಹಿಂಭಾಗದಲ್ಲಿ ಕೇಬಲ್ ಹೋಗುವ ಕಿಂಡಿಯ ಪಕ್ಕ ಹಸಿರು ದೀಪ ಮಿಣಮಿಣ ಅಂತಿತ್ತು. ಸತ್ತುಹೋದ ಕಾರ್ಡು ಸಾಮಾನ್ಯವಾಗಿ ಹೀಗೆ ಕಣ್ಣು ಹೊಡೆಯಲ್ಲ! ಆಮೇಲೆ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ ಅಂತ ಟೈಪ್ ಮಾಡಿದೆ. ಕಂಪ್ಯೂಟರಿನ ವಿಳಾಸ 192.168.1.25, ಗೇಟ್‌ವೇ 192.168.1.1 ಅಂತ ಬಂತು. ಕಾಕಾನ ಮೊಬೈಲಿನ ವೈಫೈ ವಿವರ ತೆಗೆದು ನೋಡಿದೆ. ಅಲ್ಲಿ 192.168.0.7, ಗೇಟ್‌ವೇ 192.168.0.1.

"ಕಾಕಾ, ನೆಟ್ಟಿನವರು ಹೊಸ ಡಬ್ಬಿ ಏನಾದ್ರೂ ಹಾಕಿ ಹೋಗ್ಯಾರೇನ್ರೀ?"

"ಹೌದಪಾ, ಹಳೇದು ಸುಟ್ಟಿತ್ತು. ಹದಿನೈದು ದಿನ ಆತು."

ಅಷ್ಟೇ! ರೋಗ ಸಿಕ್ಕಿತು. ಹಳೇ ರೌಟರಿನ ಮನೆ ನಂಬರು 192.168.1 ಸರಣಿಯದು, ಹೊಸದರದ್ದು 192.168.0 ಸರಣಿಯದು. ಆರು ವರ್ಷದ ಹಿಂದೆ ಯಾರೋ ಒಬ್ಬ ಟೆಕ್ನಿಶಿಯನ್ ಬಂದು ಡೆಸ್ಕ್‌ಟಾಪಿಗೆ ನಂಬರುಗಳನ್ನ ಕೈಯಿಂದ ಟೈಪ್ ಮಾಡಿ ಹೋಗಿದ್ದ. ಯಾಕೆ ಅಂತ ಕಾಕಾಗೆ ಗೊತ್ತಿಲ್ಲ. ಮೊಬೈಲು ಹೊಸ ರೌಟರನ್ನ ಕೇಳಿ ಹೊಸ ನಂಬರು ಪಡೆಯಿತು. ಪಾಪ ಡೆಸ್ಕ್‌ಟಾಪು ಇನ್ನೂ ಇಲ್ಲದ ಹಳೇ ರೌಟರಿನ ಬಾಗಿಲು ಬಡೀತಾ ಕೂತಿತ್ತು. ಅಂಗಡಿಯಲ್ಲೂ ಅದು ಮಾಡಿದ್ದು ಅದನ್ನೇ. ಹುಡುಗ ಅದಕ್ಕೇ 'ಕಾರ್ಡ್ ಗಯಾ' ಅಂದ. 'ಮ್ಯಾನ್ಯುಯಲ್' ಇದ್ದದ್ದನ್ನ 'ಆಟೋಮ್ಯಾಟಿಕ್' ಮಾಡಿದೆ. ಕಾಕಿ ತಂದಿಟ್ಟ ಚಹಾ ಆರೋದ್ರೊಳಗೆ ಪರದೆ ಮೇಲೆ ಪೇಪರು ಬಂತು. ಖರ್ಚು ಸೊನ್ನೆ.

ಕಾಕಾಗೆ ಖುಷಿಯಾಯ್ತು. ನನಗೆ ಆಗಲಿಲ್ಲ. ಯಾಕಂದ್ರೆ ಬದಲಾಯಿಸೋ ಮುಂಚೆ ಆ ಕಿಟಕಿಯಲ್ಲಿ ಇನ್ನೊಂದು ಸಾಲು ನೋಡಿದ್ದೆ. ಡಿಎನ್‌ಎಸ್ ಅನ್ನೋ ಜಾಗದಲ್ಲಿ ಯಾವುದೋ ಒಂದು ನಂಬರು. ಅದು ರೌಟರಿನದ್ದಲ್ಲ, ನಾನು ಬಲ್ಲ ಯಾವ ದೊಡ್ಡ ಕಂಪನಿಯದ್ದೂ ಅಲ್ಲ. ಹಳೇ ಕೇಬಲ್ಲಿನವರದ್ದೇ ಇರಬಹುದು, ಕೆಟ್ಟದ್ದು ಅಂತ ನಾನು ಹೇಳಲ್ಲ. ಆದರೆ ಯಾರೂ ಗುರುತು ಹಿಡಿಯದ ಆ ನಂಬರನ್ನ ನಂಬಿಕೊಂಡು ಒಬ್ಬ ಪೆನ್ಷನ್ನಿನ ಮನುಷ್ಯ ಆರು ವರ್ಷ ನೆಟ್ ಬ್ಯಾಂಕಿಂಗ್ ಮಾಡಿದ್ದಾರೆ. ಬ್ಯಾಂಕಿನವನಾದ ನನಗೆ ಎದೆ ಝಲ್ ಅಂತು.

ಇದ್ಯಾಕೆ ಇಷ್ಟು ದೊಡ್ಡ ವಿಷಯ ಅಂತೀರಾ? ಆ ಕಿಟಕಿಯಲ್ಲಿ ಇರೋದು ನಾಲ್ಕೇ ಸಾಲು. ನನ್ನದು ಬರೀ ಬಿ.ಕಾಂ., ಇಂಜಿನಿಯರಿಂಗ್ ಅಲ್ಲ. ಹಾಗಾಗಿ ಬ್ಯಾಂಕಿನ ಭಾಷೆಯಲ್ಲೇ ಹೇಳ್ತೀನಿ.

ನಿಮ್ಮ ಚೆಕ್ಕಿನ ಕೆಳಗೆ ಎಂಐಸಿಆರ್ ಕೋಡ್ ಅಂತ 9 ಅಂಕಿ ಇರ್ತವೆ. ಮೊದಲ ಮೂರು ಊರು, ನಡುವಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. 500 ಅಂದ್ರೆ ಹೈದರಾಬಾದು, 585 ಅಂದ್ರೆ ನಮ್ಮ ಕಲಬುರಗಿ, 560 ಅಂದ್ರೆ ಬೆಂಗಳೂರು. ಪಿನ್ ಕೋಡಿನ ಮೊದಲ ಮೂರು ಅಂಕಿಯೇ ಇದು. ಅಬಿಡ್ಸ್ ಜಿಪಿಓದ ಪಿನ್ನು 500001 ಅಲ್ವಾ, ಹಾಗೆ. ಕೌಂಟರಿನಲ್ಲಿ ಕೂತವನು ಮೊದಲ ಮೂರು ಅಂಕಿ ನೋಡಿದರೆ ಸಾಕು, ಇದು ನಮ್ಮೂರ ಚೆಕ್ಕೋ ಪರವೂರ ಚೆಕ್ಕೋ ಅಂತ ಗೊತ್ತಾಗ್ತಿತ್ತು.

ಐಪಿ ಅಡ್ರೆಸ್ಸು ಅನ್ನೋದೂ ಇದೇ ಜಾತಿ. ಚುಕ್ಕೆ ಇಟ್ಟು ಬರೆದ ನಾಲ್ಕು ಸಂಖ್ಯೆ, ಒಂದೊಂದೂ 0ಯಿಂದ 255ರೊಳಗೆ. ಅದರಲ್ಲಿ ಒಂದಷ್ಟು ಭಾಗ ಊರು, ಉಳಿದದ್ದು ಮನೆ. ಎಲ್ಲಿಗೆ ಊರು ಮುಗಿದು ಎಲ್ಲಿಂದ ಮನೆ ಶುರು ಅಂತ ಹೇಳೋದೇ ಎರಡನೇ ಸಾಲು, ಸಬ್‌ನೆಟ್ ಮಾಸ್ಕ್. ಮನೆಗಳಲ್ಲಿ ಸಾಮಾನ್ಯವಾಗಿ 255.255.255.0 ಅಂತ ಇರುತ್ತೆ. 255 ಇರೋ ಕಡೆಯೆಲ್ಲ ಊರಿನ ಹೆಸರು, 0 ಇರೋ ಕಡೆ ಮನೆ ನಂಬರು ಅಂತ ಓದಿಕೊಳ್ಳಿ. ಕಾಕಾನ ಮೊಬೈಲಿನ ಊರು 192.168.0, ಡೆಸ್ಕ್‌ಟಾಪಿನ ಊರು 192.168.1. ಒಂದೇ ಕೋಣೆಯಲ್ಲಿ ಪಕ್ಕಪಕ್ಕ ಇದ್ರೂ ಒಬ್ಬರು ಹೈದರಾಬಾದಿನಲ್ಲಿ ಇನ್ನೊಬ್ಬರು ರಾಯಚೂರಿನಲ್ಲಿ ಇದ್ದ ಹಾಗೆ.

ನಿಮ್ಮ ಮನೆಯಲ್ಲೂ 192.168, ನಮ್ಮ ಮನೆಯಲ್ಲೂ 192.168, ಅದು ಹೇಗೆ ಅಂತ ಕೆಲವರು ಕೇಳ್ತಾರೆ. ಒಳ್ಳೇ ಪ್ರಶ್ನೆ. ಈ ಸರಣಿಯನ್ನೂ, 10ರಿಂದ ಶುರುವಾಗೋದನ್ನೂ, 172.16ರಿಂದ 172.31ರವರೆಗಿನದನ್ನೂ ಖಾಸಗಿ ಬಳಕೆಗೆ ಅಂತ 1996ರ ಆರ್‌ಎಫ್‌ಸಿ 1918 ಅನ್ನೋ ನಿಯಮಾವಳಿಯಲ್ಲಿ ಬೇರೆ ಇಟ್ಟರು. ಇವು ಮನೆಯೊಳಗಿನ ಅಡ್ಡಹೆಸರು ಇದ್ದ ಹಾಗೆ. ಪ್ರತಿ ಮನೆಯಲ್ಲೂ ಒಬ್ಬ ಪುಟ್ಟ, ಒಬ್ಬಳು ಚಿನ್ನಿ ಇರ್ತಾರೆ, ಜಗಳ ಇಲ್ಲ. ಆದ್ರೆ ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ಹೆಸರಿಟ್ಟರೆ ಗೊಂದಲ.

ಮೂರನೇ ಸಾಲು ಡೀಫಾಲ್ಟ್ ಗೇಟ್‌ವೇ. ಇದಕ್ಕೆ ನಮ್ಮ ಕಡೆ ಒಳ್ಳೇ ಶಬ್ದ ಇದೆ, ಅಗಸಿ. ಊರೊಳಗೆ ಯಾರ ಮನೆಗೆ ಬೇಕಾದ್ರೂ ಸೀದಾ ಹೋಗಬಹುದು, ಆದ್ರೆ ಊರ ಹೊರಗೆ ಹೋಗೋದಾದ್ರೆ ಅಗಸಿ ದಾಟಲೇಬೇಕು. ನಿಮ್ಮ ರೌಟರೇ ಆ ಅಗಸಿ. ಅಗಸಿಯ ವಿಳಾಸ ತಪ್ಪು ಬರೆದಿದ್ರೆ ಹೊರಗಿನ ಪ್ರಪಂಚವೇ ಇಲ್ಲ. ಕಾಕಾಗೆ ಈ ಒಂದು ಶಬ್ದ ಹೇಳಿದ ಕೂಡಲೇ, "ಅಂದ್ರ ಊರು ಬದಲಾದ್ರೂ ಇದು ಹಳೇ ಊರಿನ ಅಗಸಿ ಹುಡುಕ್ಕೋತ ಕುಂತಿತ್ತು ಅನ್ನು!" ಅಂತ ನಕ್ಕರು. ನೋಡಿ, ಎರಡು ನಿಮಿಷ ಸಾಕಾಯ್ತು. ತಲೆಯಲ್ಲಿ ಬುದ್ಧಿ ಇರಲಿಲ್ಲ ಅಂತಲ್ಲ, ಅವರ ಮಾತಿನಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೇ.

ನಾಲ್ಕನೇ ಸಾಲೇ ಡಿಎನ್‌ಎಸ್. ಕಂಪ್ಯೂಟರಿಗೆ ಹೆಸರು ಅರ್ಥ ಆಗಲ್ಲ, ನಂಬರು ಬೇಕು. ನೀವು ಬ್ಯಾಂಕಿನ ಹೆಸರು ಟೈಪ್ ಮಾಡಿದ್ರೆ ಅದರ ನಂಬರು ಏನು ಅಂತ ಕಂಪ್ಯೂಟರು ಯಾರನ್ನೋ ಕೇಳುತ್ತೆ. ಈ ಏರ್ಪಾಡನ್ನ ಪಾಲ್ ಮೊಕಾಪೆಟ್ರಿಸ್ ಅನ್ನೋರು 1983ರಲ್ಲಿ ರೂಪಿಸಿದ್ರು. ಯಾರನ್ನ ಕೇಳಬೇಕು ಅನ್ನೋದೇ ಆ ನಾಲ್ಕನೇ ಸಾಲು. ನಾಂಪಲ್ಲಿ ಸ್ಟೇಷನ್ನಿನಿಂದ ಹೊರಗೆ ಬಂದ ಹೊಸಬ ಲಾಡ್ಜ್ ಎಲ್ಲಿ ಅಂತ ಕೇಳಿದ ಅಂದ್ಕೊಳ್ಳಿ. ಒಳ್ಳೆಯವನನ್ನ ಕೇಳಿದ್ರೆ ಸರಿಯಾದ ದಾರಿ ತೋರಿಸ್ತಾನೆ. ಕಮಿಷನ್ ಏಜೆಂಟನನ್ನ ಕೇಳಿದ್ರೆ ಅವನ ಕಡೆಯವರ ಲಾಡ್ಜಿಗೆ ಕರ್ಕೊಂಡು ಹೋಗ್ತಾನೆ. ಹೊಸಬನಿಗೆ ಏನು ಗೊತ್ತು, ಬೋರ್ಡು ಅದೇ ಥರ ಇದ್ರೆ ಒಳಗೆ ಹೋಗಿ ದುಡ್ಡು ಕಟ್ತಾನೆ.

ಇದು ಕಲ್ಪನೆ ಅಲ್ಲ ಸ್ವಾಮಿ, ನಡೆದದ್ದು. ಡಿಎನ್‌ಎಸ್‌ಚೇಂಜರ್ ಅನ್ನೋ ಒಂದು ಕಳ್ಳ ಪ್ರೋಗ್ರಾಮು 100ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರುಗಳಿಗೆ ಹೊಕ್ಕಿತ್ತು. ಅದು ಫೈಲು ಅಳಿಸ್ತಿರಲಿಲ್ಲ, ಪರದೆ ಕಪ್ಪು ಮಾಡ್ತಿರಲಿಲ್ಲ. ಸದ್ದಿಲ್ಲದೇ ಈ ನಾಲ್ಕನೇ ಸಾಲು ಬದಲಿಸ್ತಿತ್ತು, ಅಷ್ಟೇ! ಜನ ಒಂದು ಕಡೆ ಹೋಗಬೇಕು ಅಂದ್ರೆ ಇನ್ನೊಂದು ಕಡೆ ಕರ್ಕೊಂಡು ಹೋಗ್ತಿತ್ತು. ಜಾಹೀರಾತಿನ ಮೋಸದಿಂದ ಕಳ್ಳರು ಗಳಿಸಿದ್ದು 1.4 ಕೋಟಿ ಡಾಲರಿಗೂ ಹೆಚ್ಚು. 2011ರ ನವೆಂಬರಿನಲ್ಲಿ ಎಫ್‌ಬಿಐ ತನಿಖೆಯಿಂದ ಎಸ್ಟೋನಿಯಾದ ಆರು ಜನ ಸಿಕ್ಕಿಬಿದ್ದರು.

ಆಮೇಲಿನದ್ದು ಇನ್ನೂ ಮಜಾ. ಕಳ್ಳರ ಸರ್ವರನ್ನ ಏಕಾಏಕಿ ನಿಲ್ಲಿಸಿದ್ರೆ ಅದನ್ನೇ ನಂಬಿದ್ದ ಲಕ್ಷಾಂತರ ಜನರ ನೆಟ್ಟು ನಿಂತುಹೋಗುತ್ತೆ. ಹಾಗಾಗಿ ಕೋರ್ಟಿನ ಅಪ್ಪಣೆ ಪಡೆದು ಅದರ ಜಾಗದಲ್ಲಿ ಒಳ್ಳೇ ಸರ್ವರು ಇಟ್ಟು, ಸರಿಮಾಡಿಕೊಳ್ಳಿ ಅಂತ ತಿಂಗಳುಗಟ್ಟಲೆ ಟೈಮು ಕೊಟ್ಟರು. 2012ರ ಜುಲೈ 9ಕ್ಕೆ ಅದನ್ನ ನಿಲ್ಲಿಸೋ ಹೊತ್ತಿಗೂ ಲಕ್ಷಗಟ್ಟಲೆ ಕಂಪ್ಯೂಟರುಗಳು ಅದನ್ನೇ ಕೇಳ್ತಾ ಇದ್ದವು! ಅಷ್ಟು ತಿಂಗಳಲ್ಲಿ ಅವರ್ಯಾರೂ ಆ ಕಿಟಕಿ ತೆಗೆದು ನೋಡಿರಲಿಲ್ಲ. ಅವರಿಗೂ ಯಾರೋ 'ನಕ್ಕೋ ಸಾಬ್' ಅಂದಿರಬೇಕು.

ಸುಮಾರು ಅದೇ ಕಾಲದಲ್ಲಿ ಬ್ರೆಜಿಲ್ ದೇಶದಲ್ಲಿ ಲಕ್ಷಗಟ್ಟಲೆ ಮನೆ ಮೋಡೆಮ್‌ಗಳ ಡಿಎನ್‌ಎಸ್ ಬದಲಿಸಿ ಜನರನ್ನ ನಕಲಿ ಬ್ಯಾಂಕ್ ಪುಟಗಳಿಗೆ ಕಳಿಸಿದ್ರು. ಅಂದ್ರೆ ಕಂಪ್ಯೂಟರ್ ಒಳಗಿನ ಸಾಲು ಮಾತ್ರ ಅಲ್ಲ, ರೌಟರಿನ ಒಳಗಿನ ಸಾಲೂ ನೋಡಬೇಕು. ನಿಮ್ಮ ರೌಟರಿನ ಪಾಸ್‌ವರ್ಡ್ ಇನ್ನೂ 'ಅಡ್ಮಿನ್' ಅಂತಲೇ ಇದೆಯಾ? ಎದೆ ಮುಟ್ಟಿ ಹೇಳಿ.

ಇನ್ನು ನಮ್ಮೂರಿನ ವಿಷಯಕ್ಕೆ ಬರೋಣ. ಬ್ಯಾಂಕಿನ ಹೆಸರಲ್ಲಿ ನಕಲಿ ವೆಬ್‌ಸೈಟು ಹೆಚ್ಚಾಯ್ತು ಅಂತ ರಿಸರ್ವ್ ಬ್ಯಾಂಕು 2025ರ ಫೆಬ್ರವರಿ 7ರಂದು ಒಂದು ಘೋಷಣೆ ಮಾಡಿತು. ದೇಶದ ಬ್ಯಾಂಕುಗಳ ವಿಳಾಸವೆಲ್ಲ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತಲೇ ಕೊನೆಯಾಗಬೇಕು, ಬ್ಯಾಂಕ್ ಅಲ್ಲದವರಿಗೆ ಆ ಹೆಸರು ಸಿಗಬಾರದು. 2025ರ ಅಕ್ಟೋಬರ್ 31ರೊಳಗೆ ಬದಲಾಯಿಸಿಕೊಳ್ಳಿ ಅಂತ ಗಡುವೂ ಕೊಟ್ಟಿತು. ಆ ಹೆಸರುಗಳನ್ನ ನೋಂದಾಯಿಸಿ ಕೊಡೋ ಅಧಿಕಾರ ಇರೋದು ಒಂದೇ ಸಂಸ್ಥೆಗೆ. ಅದು 1996ರಲ್ಲಿ ಶುರುವಾದ ಐಡಿಆರ್‌ಬಿಟಿ. ಎಲ್ಲಿದೆ ಗೊತ್ತಾ? ನಮ್ಮ ಮಾಸಬ್ ಟ್ಯಾಂಕಿನಲ್ಲಿ! ಅಬಿಡ್ಸ್‌ನಿಂದ ಆಟೋ ಹಿಡಿದ್ರೆ ಟ್ರಾಫಿಕ್ ಇಲ್ಲದಿದ್ದಾಗ ಕಾಲು ಗಂಟೆ ದಾರಿ.

ಒಳ್ಳೇ ಕೆಲಸ, ಬ್ಯಾಂಕಿನವನಾಗಿ ನನಗೆ ಹೆಮ್ಮೆ. ಆದರೆ ಯೋಚನೆ ಮಾಡಿ. ಮಾಸಬ್ ಟ್ಯಾಂಕಿನಲ್ಲಿ ಕೂತವರು ಬ್ಯಾಂಕಿನ ಹೆಸರನ್ನ ಎಷ್ಟೇ ಭದ್ರ ಮಾಡಲಿ, ಆ ಹೆಸರಿನ ನಂಬರು ಏನು ಅಂತ ನಿಮ್ಮ ಕಂಪ್ಯೂಟರು ಕೇಳೋದು ನಾಲ್ಕನೇ ಸಾಲಿನಲ್ಲಿರೋ ಮನುಷ್ಯನನ್ನ. ಅವನೇ ಕಳ್ಳನಾದ್ರೆ? ಬ್ರೌಸರಿನಲ್ಲಿ ಬೀಗದ ಗುರುತು ಇದೆ, ಸರ್ಟಿಫಿಕೇಟು ತಾಳೆ ಆಗದಿದ್ರೆ ಅದು ಕೆಂಪಗೆ ಎಚ್ಚರಿಸುತ್ತೆ, ಒಪ್ಪಿದೆ. ಆದ್ರೆ ನಮ್ಮ ಜನ ಎಚ್ಚರಿಕೆ ಓದ್ತಾರಾ? "ಏನೋ ಬಂತು, ಮುಂದೆ ಒತ್ತಿದೆ" ಅಂತಾರೆ. ಕಿಟಕಿ ಓದದೇ ಇರೋ ಅಭ್ಯಾಸ ಒಂದು ಕಡೆ ಆದ್ರೆ ಎಲ್ಲಾ ಕಡೆಗೂ ಹಬ್ಬುತ್ತೆ.

ಇಷ್ಟು ಹೇಳಿದ್ರೆ ನನ್ನ ಸ್ನೇಹಿತರು ಮೂರು ವಾದ ಎತ್ತುತ್ತಾರೆ.

ಒಂದು, "ಈಗೆಲ್ಲಾ ಆಟೋಮ್ಯಾಟಿಕ್ ರೀ, ಇದನ್ನೆಲ್ಲ ಯಾರು ಟೈಪ್ ಮಾಡ್ತಾರೆ?" ಸರಿ, ಆಟೋಮ್ಯಾಟಿಕ್ಕೇ ಇರಲಿ, ಮನೆಗೆ ಅದೇ ಒಳ್ಳೇದು. ಡಿಎಚ್‌ಸಿಪಿ ಅನ್ನೋ ಆ ಏರ್ಪಾಡು 1993ರಲ್ಲೇ ಬಂದಿದೆ. ಪ್ರಿಂಟರು, ಕ್ಯಾಮೆರಾ ಅಂಥದ್ದಕ್ಕೆ ಬಿಟ್ರೆ ಕೈಯಿಂದ ನಂಬರು ಕೊಡೋ ಅಗತ್ಯ ಕಮ್ಮಿ. ಆದ್ರೆ ನಿಮ್ಮ ಡೆಸ್ಕ್‌ಟಾಪು ಆಟೋಮ್ಯಾಟಿಕ್ಕಿನಲ್ಲಿ ಇದೆಯಾ ಮ್ಯಾನ್ಯುಯಲ್ಲಿನಲ್ಲಿ ಇದೆಯಾ ಅಂತಾದ್ರೂ ನಿಮಗೆ ಗೊತ್ತಾ? ಹಿಂದೆ ನಮ್ಮ ಓಣಿಗಳಲ್ಲಿ ಕೇಬಲ್ ಟಿವಿಯವರೇ ನೆಟ್ಟು ಕೊಡ್ತಿದ್ದ ಕಾಲ ನೆನಪಿದೆಯಾ? ಹುಡುಗ ಬಂದು ಸಿಗರೇಟ್ ಪ್ಯಾಕಿನ ರಟ್ಟಿನ ಮೇಲೆ ನಾಲ್ಕು ನಂಬರು ಗೀಚಿ, ಟೈಪ್ ಮಾಡಿ, ರಟ್ಟನ್ನೂ ತಗೊಂಡು ಹೋಗ್ತಿದ್ದ. ಎಷ್ಟೋ ಹಳೇ ಡಬ್ಬಗಳಲ್ಲಿ ಅಂಥ ನಂಬರು ಈಗಲೂ ಕೂತಿವೆ. ಆಟೋಮ್ಯಾಟಿಕ್ ಅನ್ನೋದು ಅನುಕೂಲ. ನೋಡಲೇಬಾರದು ಅಂತ ಯಾರೂ ಹೇಳಿಲ್ಲ.

ಎರಡು, "ಪಾಪ ಹುಡುಗರು ಹೊಟ್ಟೆಪಾಡಿಗೆ ಮಾಡ್ತಾರೆ." ಖಂಡಿತ ಮಾಡಲಿ. ಕೆಲಸಕ್ಕೆ ದುಡ್ಡು ಕೊಡಿ, ಒಳ್ಳೇ ದುಡ್ಡು ಕೊಡಿ. ಕೇಬಲ್ ಎಳೆದ್ರೆ ಕೊಡಿ, ಮನೆಗೆ ಬಂದ್ರೆ ಕೊಡಿ, ಸೆಟಿಂಗ್ ಸರಿಮಾಡಿದ್ರೂ ಕೊಡಿ. ಆದ್ರೆ ನಮ್ಮ ಅಜ್ಞಾನಕ್ಕೆ ತಿಂಗಳಾ ಬಾಡಿಗೆ ಕಟ್ಟಬೇಡಿ. ಗಿರಾಕಿಗೆ ನಾಲ್ಕು ಸಾಲು ಗೊತ್ತು ಅಂದ್ರೆ ಹುಡುಗನೂ ನೋಡಿಯೇ ಮಾತಾಡ್ತಾನೆ, ಅವನ ಕಸಬೂ ಸುಧಾರಿಸುತ್ತೆ. 'ಕಾರ್ಡ್ ಗಯಾ' ಅಂತ ಹೇಳೋದಕ್ಕೂ ಮುಂಚೆ ಒಂದು ಸಲ ಕಿಟಕಿ ತೆಗೀತಾನೆ.

ಮೂರು, "ನಮ್ಮ ವಯಸ್ಸಿಗೆ ಇದೆಲ್ಲ ಯಾಕೆ?" ಇದಕ್ಕೆ ಮಾತ್ರ ನನಗೆ ನಿಜವಾಗಿಯೂ ಕೋಪ ಬರುತ್ತೆ. ನಾವು ಈ ಊರಿಗೆ ಬಂದಾಗ ತೆಲುಗು ಯಾರು ಕಲಿಸಿದ್ರು? ಅಕ್ಷರ ಗೊತ್ತಿಲ್ಲದೇ ಬಸ್ಸಿನ ಬೋರ್ಡು ಓದಿದ್ದೀವಿ, ನಮ್ಮ ಅಕ್ಷರದ ತಂಗಿಯ ಹಾಗೇ ಇದೆ ಅಂತ ತಾಳೆ ಹಾಕಿ ಹಾಕಿ ಕಲಿತ್ವಿ. ದಖ್ಖನಿ ಯಾರು ಕಲಿಸಿದ್ರು? ಸುಲ್ತಾನ್ ಬಜಾರಿನಲ್ಲಿ ಚೌಕಾಸಿ ಮಾಡ್ತಾ ಮಾಡ್ತಾ ಕಲಿತ್ವಿ. ಲೆಡ್ಜರಿನಲ್ಲಿ ಪೆನ್ನು ಹಿಡಿದು ಬರೀತಿದ್ದವರು ಕೀಬೋರ್ಡಿಗೆ ಬಂದ್ವಿ. ಪರವೂರಿನಲ್ಲಿ ಮನೆ ಕಟ್ಟಿ ಮಕ್ಕಳನ್ನ ಓದಿಸಿದ ಜನಕ್ಕೆ ನಾಲ್ಕು ಸಾಲು ಭಾರವೇ? ಇನ್ನೊಂದು ಮಾತು. ನಾವು ಊರು ಬಿಟ್ಟು ಇಲ್ಲಿಗೆ ಬಂದ್ವಿ, ನಮ್ಮ ಮಕ್ಕಳು ಇಲ್ಲಿ ಬಿಟ್ಟು ಇನ್ನೂ ದೂರ ಹೋದ್ರು. ಈಗ ಮನೆಯಲ್ಲಿರೋದು ನಾವಿಬ್ಬರು ಮತ್ತೆ ಆ ಡಬ್ಬ. ಅಮೆರಿಕದಲ್ಲಿ ನಡುರಾತ್ರಿ ಮಗನನ್ನ ಎಬ್ಬಿಸಿ, "ಏನೋ ಕೆಂಪಗೆ ಬಂದದ" ಅಂದ್ರೆ ಅವನಾದ್ರೂ ಏನು ಮಾಡ್ತಾನೆ? "ಅಪ್ಪಾ, ಐಪಿ ಏನಿದೆ ಓದಿ" ಅಂದಾಗ ಓದೋದಕ್ಕಾದ್ರೂ ಬರಬೇಕಲ್ವಾ?

ಬೇರೆಯವರಿಗೆ ಬೈದದ್ದಾಯ್ತು, ಈಗ ನನ್ನದೂ ಒಂದು ತಪ್ಪು ಹೇಳಿಬಿಡ್ತೀನಿ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಸಣ್ಣ ಊರಿನ ಶಾಖೆಯೊಂದಕ್ಕೆ ನನ್ನನ್ನ ಡೆಪ್ಯುಟೇಷನ್ ಮೇಲೆ ಹಾಕಿದ್ರು. ಒಬ್ಬ ಅಜ್ಜಿ ವಿಧವಾ ಪೆನ್ಷನ್ ತಗೊಳ್ಳೋಕೆ ನಾಲ್ಕು ಮೈಲಿ ನಡ್ಕೊಂಡು ಬಂದಿದ್ರು. ಕೌಂಟರಿನ ಕಂಪ್ಯೂಟರು ನಡೀತಿರಲಿಲ್ಲ. ನಾನು ಎಂದಿನಂತೆ, "ಲಿಂಕ್ ಇಲ್ಲಮ್ಮಾ, ಹೈದರಾಬಾದಿನಿಂದಲೇ ಇಲ್ಲ, ನಾಳೆ ಬಾ" ಅಂದೆ. ಅಜ್ಜಿ ಮಾರನೇ ದಿನ ಬಂದ್ರು. ಮತ್ತೆ ಲಿಂಕ್ ಇಲ್ಲ. ಮೂರನೇ ದಿನ ಗೊತ್ತಾಯ್ತು, ಹೈದರಾಬಾದಿನ ಲಿಂಕು ಮೂರೂ ದಿನ ಚೆನ್ನಾಗಿಯೇ ಇತ್ತು. ನಮ್ಮ ಶಾಖೆಯಲ್ಲೇ ಯಾರೋ ಹೊಸ ಕಂಪ್ಯೂಟರಿಗೆ ಕೌಂಟರಿನ ಕಂಪ್ಯೂಟರಿನ ನಂಬರನ್ನೇ ಕೊಟ್ಟಿದ್ರು. ಒಂದೇ ಮನೆ ನಂಬರು ಇಬ್ಬರಿಗೆ. 'ಐಪಿ ಅಡ್ರೆಸ್ ಕಾನ್ಫ್ಲಿಕ್ಟ್' ಅಂತ ಪರದೆಯ ಮೂಲೆಯಲ್ಲಿ ಅದು ಮೂರು ದಿನದಿಂದ ಬೊಬ್ಬೆ ಹೊಡೀತಿತ್ತು. ಪ್ರತಿ ಸಲ ನಾನೇ 'ಓಕೆ' ಒತ್ತಿ ಮುಚ್ಚಿದ್ದೆ!

ಆ ಅಜ್ಜಿಗೆ ನಾನು ಹೇಳಿದ 'ಲಿಂಕ್ ಇಲ್ಲ'ಕ್ಕೂ ಅಬಿಡ್ಸಿನ ಹುಡುಗ ಹೇಳಿದ 'ಕಾರ್ಡ್ ಗಯಾ'ಕ್ಕೂ ಏನೂ ವ್ಯತ್ಯಾಸ ಇಲ್ಲ. ಇಬ್ಬರೂ ನೋಡದೇ ಹೇಳಿದ್ವಿ. ಎದುರಿಗೆ ಇದ್ದವರು ಕೇಳಲ್ಲ ಅನ್ನೋ ಧೈರ್ಯದಲ್ಲಿ ಹೇಳಿದ್ವಿ. ಆ ಅಜ್ಜಿ ಮೂರು ದಿನ ಹೋಗಿ ಬರಲು ನಡೆದ ದಾರಿಯ ಲೆಕ್ಕ ನನ್ನ ಖಾತೆಯಲ್ಲಿ ಇವತ್ತಿಗೂ ಡೆಬಿಟ್ಟಿನಲ್ಲೇ ಇದೆ. ಆಮೇಲೆ ಬಂದ ಭಾನುವಾರವೇ ಅಬಿಡ್ಸಿನ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಿಂದ ನೆಟ್‌ವರ್ಕಿಂಗ್ ಬಗ್ಗೆ ಒಂದು ರಟ್ಟು ಹರಿದ ಪುಸ್ತಕ ತಂದು ಓದೋಕೆ ಕೂತೆ. ಅರ್ಧ ಅರ್ಥ ಆಗಲಿಲ್ಲ. ಅರ್ಥ ಆದ ಅರ್ಧ ಇವತ್ತಿನವರೆಗೂ ಸಾಕಾಗಿದೆ.

ಬ್ಯಾಂಕಿನಲ್ಲಿ ಒಂದು ನಿಯಮ ಇದೆ, ಮೇಕರ್ ಮತ್ತು ಚೆಕರ್. ಒಬ್ಬ ಎಂಟ್ರಿ ಹಾಕ್ತಾನೆ, ಇನ್ನೊಬ್ಬ ನೋಡಿ ಪಾಸ್ ಮಾಡ್ತಾನೆ. ಎಂಟ್ರಿ ಹಾಕಿದವನು ಎಷ್ಟೇ ಜಾಣನಾಗಿರಲಿ, ಎಷ್ಟೇ ಪ್ರಾಮಾಣಿಕನಾಗಿರಲಿ, ಎರಡನೇ ಕಣ್ಣು ಬೀಳದೇ ದೊಡ್ಡ ಎಂಟ್ರಿ ಪಾಸಾಗಲ್ಲ. ಚೆಕರ್‌ಗೆ ಮೇಕರ್‌ನಷ್ಟು ಕೆಲಸ ಬರಬೇಕಿಲ್ಲ, ಕಣ್ಣುಬಿಟ್ಟು ಓದೋಕೆ ಬಂದ್ರೆ ಸಾಕು. ನಿಮ್ಮ ಮನೆಯ ಕಂಪ್ಯೂಟರಿಗೆ ಟೆಕ್ನಿಶಿಯನ್ನು ಮೇಕರ್. ಚೆಕರ್ ಯಾರು? ಯಾರೂ ಇಲ್ಲ! ನಾನು ಕೇಳೋದು ಇಷ್ಟೇ, ಆ ಖಾಲಿ ಕುರ್ಚಿಯಲ್ಲಿ ನೀವು ಕೂತ್ಕೊಳ್ಳಿ.

ಮಾಡೋದೇನು ಅಂದ್ರೆ, ಇವತ್ತೇ, ಎಲ್ಲ ಸರಿ ನಡೀತಿರೋವಾಗಲೇ, ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್, ಒಂದು ಸ್ಪೇಸು, ಸ್ಲ್ಯಾಶು, ಆಲ್ ಅಂತ ಟೈಪ್ ಮಾಡಿ. ನಾಲ್ಕು ಸಾಲನ್ನೂ, ಡಿಎಚ್‌ಸಿಪಿ 'ಯೆಸ್' ಅಂತ ಇದೆಯಾ 'ನೋ' ಅಂತ ಇದೆಯಾ ಅನ್ನೋದನ್ನೂ ಒಂದು ಕಾಗದದ ಮೇಲೆ ತಾರೀಖು ಹಾಕಿ ಬರೆದಿಡಿ. ನೋಡೋದ್ರಿಂದ ಏನೂ ಕೆಡಲ್ಲ. ಬದಲಾಯಿಸಿದ್ರೂ ಹೆದರಬೇಡಿ, ಹಳೇ ನಂಬರು ಕಾಗದದಲ್ಲಿದ್ರೆ ಮತ್ತೆ ಹಾಕಬಹುದು.

ನೆಟ್ಟು ನಿಂತ ದಿನ ಮೊದಲು ಆ ಕಾಗದದ ಜೊತೆ ತಾಳೆ ನೋಡಿ, ಮೊಬೈಲಿನ ಜೊತೆ ಊರು ಒಂದೇ ಇದೆಯಾ ನೋಡಿ. ವಿಳಾಸ 169.254ರಿಂದ ಶುರುವಾಗಿದ್ರೆ ಕಂಪ್ಯೂಟರಿಗೆ ಯಾರೂ ನಂಬರೇ ಕೊಟ್ಟಿಲ್ಲ ಅಂತ ಅರ್ಥ, ಕೇಬಲ್ಲು ರೌಟರು ನೋಡಿ. ಆಮೇಲೆ ಮೂರು ಪಿಂಗ್. ಮೊದಲು ಅಗಸಿಗೆ, ಅಂದ್ರೆ ಗೇಟ್‌ವೇಗೆ. ಉತ್ತರ ಬಂದ್ರೆ ನಿಮ್ಮ ಕಾರ್ಡೂ ಕೇಬಲ್ಲೂ ಗಟ್ಟಿ, ಯಾರು ಬಂದು 'ಕಾರ್ಡ್ ಗಯಾ' ಅಂದ್ರೂ ನಂಬಬೇಡಿ. ಎರಡನೇದು 8.8.8.8ಕ್ಕೆ, ಅದು ಗೂಗಲ್‌ನವರು 2009ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆದ ಡಿಎನ್‌ಎಸ್. ಉತ್ತರ ಬಂದ್ರೆ ಮನೆಯಿಂದ ಹೊರಗಿನ ಲೈನೂ ಸರಿ. ಮೂರನೇದು ಯಾವುದಾದ್ರೂ ವೆಬ್‌ಸೈಟಿನ ಹೆಸರಿಗೆ. ನಂಬರಿಗೆ ಉತ್ತರ ಬಂದು, ಹೆಸರು ಹೊಡೆದ್ರೆ ಅಂಥ ಹೋಸ್ಟೇ ಸಿಗ್ತಿಲ್ಲ ಅಂತ ಬಂದ್ರೆ ರೋಗ ನಾಲ್ಕನೇ ಸಾಲಿನಲ್ಲಿದೆ. ಇಷ್ಟು ಮಾಡಿ ಆಮೇಲೆ ಬೇಕಾದ್ರೆ ಟೆಕ್ನಿಶಿಯನ್ನಿಗೆ ಫೋನ್ ಮಾಡಿ. ಮಾತಾಡೋ ಧಾಟಿಯೇ ಬೇರೆ ಇರುತ್ತೆ, ನೋಡ್ತಾ ಇರಿ.

ಕಾಕಾ ತಮ್ಮ ನಾಲ್ಕು ಸಾಲನ್ನ ಕನ್ನಡದಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದಾರೆ. ಮನಿ ನಂಬರು, ಊರಿನ ಗಡಿ, ಅಗಸಿ, ದಾರಿ ಹೇಳಾಂವ. ಯಾವ ಪಠ್ಯಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಬರೆದದ್ದನ್ನ ನಾನು ನೋಡಿಲ್ಲ.

ಮುಂದಿನ ಸಲ ಯಾರಾದ್ರೂ ನಿಮಗೆ "ನಕ್ಕೋ ಸಾಬ್" ಅಂದ್ರೆ ಹಿಂದೆ ಸರೀಬೇಡಿ. ಒಂದು ಹೆಜ್ಜೆ ಮುಂದೆ ಬಂದು, ಕನ್ನಡಕ ಸರಿಮಾಡಿಕೊಂಡು, "ಜರಾ ಹಟ್ನಾ ಬೇಟಾ, ಮೈ ದೇಖ್ತೂಂ" ಅನ್ನಿ. ಡಬ್ಬ ನಿಮ್ಮದು, ದುಡ್ಡು ನಿಮ್ಮದು, ಪೆನ್ಷನ್ನೂ ನಿಮ್ಮದು. ನೋಡೋ ಹಕ್ಕೂ ನಿಮ್ಮದೇ. ಏನಂತೀರಿ?